ಫ್ರೇಮಿಗೊಂದು ಚಿತ್ರವೋ, ಎರಡು ಫ್ರೇಮಿಗೊಂದೋ?

ಅನಿಮೇಷನ್ ಈಗಷ್ಟೇ ಕಲಿಯುತ್ತಿದ್ದೀರಿ. ತುಣುಕು ಬೇಗ ಮುಗಿಯಬೇಕು, ಚೆನ್ನಾಗಿಯೂ ಕಾಣಬೇಕು, ಅಲ್ವಾ?

ಮೊದಲು ಲೆಕ್ಕ. ಫ್ರೇಮ್ ಅಂದರೆ ಪರದೆಯ ಮೇಲೆ ಕ್ಷಣಮಾತ್ರ ಕಾಣುವ ಒಂದು ಸ್ಥಿರ ದೃಶ್ಯ. ಸೆಕೆಂಡಿಗೆ 24 ಫ್ರೇಮ್ ಅಂದುಕೊಳ್ಳಿ. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆದರೆ ಹತ್ತು ಸೆಕೆಂಡಿಗೆ 240 ಚಿತ್ರ. ಒಂದೇ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 120 ಸಾಕು.

ಅರ್ಧ ಕೆಲಸ ಅಂದರೆ ಅರ್ಧ ಗುಣಮಟ್ಟ ಅಲ್ಲ. ಹುಡುಗಿಯೊಬ್ಬಳು ನಿಧಾನವಾಗಿ ತಲೆ ತಿರುಗಿಸುತ್ತಾಳೆ ಅನ್ನಿ. ಇಲ್ಲಿ ಫ್ರೇಮಿಗೊಂದು ಚಿತ್ರ ಬರೆದರೆ ಗೆರೆಗಳು ಕೂದಲೆಳೆಯಷ್ಟೇ ಸರಿಯಬೇಕು. ಹೊಸಬರ ಕೈ ಅಷ್ಟು ಸ್ಥಿರ ಇರುವುದಿಲ್ಲ, ಕೆನ್ನೆಯ ಗೆರೆ ಸುಮ್ನೆ ನಡುಗುತ್ತದೆ. ಎರಡಕ್ಕೊಂದು ಬರೆದರೆ ಅದೇ ದೃಶ್ಯ ಹೆಚ್ಚು ಶಾಂತವಾಗಿ ಕಾಣುತ್ತದೆ. ಇದು ನನಗೆ ತುಂಬಾ ಇಷ್ಟದ ಗುಟ್ಟು.

ಬ್ಯಾಟ್ ಬೀಸುವುದು, ಓಡುವುದು ಬೇರೆ. ಅಲ್ಲಿ ಎರಡಕ್ಕೊಂದು ಚಿತ್ರವಾದರೆ ಚಲನೆ ತಡೆತಡೆದು ಸಾಗಿದಂತೆ ಕಾಣುತ್ತದೆ. ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿಯುತ್ತಿದ್ದು, ನಡೆಯುವವನ ಚಿತ್ರ ಎರಡಕ್ಕೊಂದೇ ಇದ್ದರೆ ಅವನ ಪಾದ ನೆಲದ ಮೇಲೆ ಜಾರಿದಂತೆ ಕಾಣುತ್ತದೆ. ಅಷ್ಟು ಭಾಗಕ್ಕೆ ಫ್ರೇಮಿಗೊಂದು ಚಿತ್ರ ಬೇಕೇ ಬೇಕು.

ತಿದ್ದುವುದಕ್ಕೆ ಎರಡಕ್ಕೊಂದೇ ಸುಲಭ, ಅಳಿಸುವ ಚಿತ್ರ ಕಡಿಮೆ. ಗಡುವು ಹತ್ತಿರವಿದ್ದರೆ ಇಡೀ ತುಣುಕನ್ನು ಹಾಗೇ ಮುಗಿಸಿ, ಓಟದ ಜಾಗಕ್ಕೆ ಮಾತ್ರ ನಡುವಿನ ಚಿತ್ರ ಸೇರಿಸಿ. ಸಮಯವಿದ್ದು ಕೈ ಪಳಗಿಸಬೇಕೆಂದಿದ್ದರೆ, ಒಂದೇ ಸೆಕೆಂಡಿನ ಜಿಗಿತಕ್ಕೆ 24 ಚಿತ್ರವನ್ನೂ ಬರೆದು ನೋಡಿ.