ರೊಕ್ಕದ ಲಾವಣಿ, ಸಮಪಾಲು, ಚೀಲದ ಕರಾರು: ಭತ್ತದ ಗದ್ದೆಗೆ ಯಾವುದು ನ್ಯಾಯ?

ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಬೇರೆಯವರ ಗದ್ದೆಯಲ್ಲಿ ಸೋನಾ ಮಸೂರಿ ಬೆಳೆಯುತ್ತೇನೆ. ಮೂರೂ ಥರದ ಕರಾರಿನಲ್ಲಿ ದುಡಿದು ನೋಡಿದ್ದೇನೆ. ನನ್ನ ಓಟು ಚೀಲದ ಕರಾರಿಗೆ. ಆದರೆ ಅದನ್ನು ವರ್ಷಕ್ಕಲ್ಲ, ಬೆಳೆಗೆ ಇಷ್ಟು ಅಂತ ಮಾತಾಡಬೇಕು.

ರೊಕ್ಕದ ಲಾವಣಿಯಲ್ಲಿ, ಅಂದರೆ ವರ್ಷದ ಗುತ್ತಿಗೆಯಲ್ಲಿ, ಯುಗಾದಿಗೆ ಮುಂಗಡ ಎಣಿಸಿ ಕೊಟ್ಟರೆ ಮುಂದಿನ ಯುಗಾದಿವರೆಗೆ ಗದ್ದೆ ನಮ್ಮ ಕೈಯಲ್ಲಿ. ಏನು ಹಾಕಿದಿರಿ, ಯಾವಾಗ ಮಾರಿದಿರಿ ಅಂತ ಯಾರೂ ಕೇಳುವುದಿಲ್ಲ. ಆ ನೆಮ್ಮದಿ ನಿಜ. ತೊಂದರೆ ಇರುವುದು ನೀರಿನಲ್ಲಿ. ಎರಡು ಬೆಳೆ ಬರುತ್ತದೆ ಅಂದುಕೊಂಡೇ ಲಾವಣಿ ದರ ಕಟ್ಟುತ್ತಾರೆ. 2023ರ ಬರದಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಮರುವರ್ಷ ಗೇಟುಗಳನ್ನು ಬದಲಿಸಬೇಕು ಅಂತ ಮತ್ತೆ ಎರಡನೇ ಬೆಳೆಗೆ ನೀರಿಲ್ಲ ಅಂದರು. ಇಂಥ ವರ್ಷ ಮಾಲೀಕರ ರೊಕ್ಕ ಪೂರ್ತಿ, ನಮ್ಮ ಬೆಳೆ ಮಾತ್ರ ಒಂದೇ. ಸ್ವಲ್ಪ ವಾಪಸ್ ಕೊಡಿ ಅಂತ ಒಬ್ಬ ಮಾಲೀಕರನ್ನು ಕೇಳಿದೆ. "ನೀರು ಬಿಡೋನು ನಾನೇನಪ್ಪ?" ಅಂದರು. ನಾನೂ ಅಲ್ಲವಲ್ಲ! ಅದೂ ಬಡ್ಡಿಗೆ ತಂದು ಕಟ್ಟಿದ ರೊಕ್ಕ.

ಸಮಪಾಲಿನಲ್ಲಿ ಬೀಜ, ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆಯ ಖರ್ಚು ಅರ್ಧರ್ಧ, ರಾಶಿಯೂ ಅರ್ಧರ್ಧ. ಬೆಳೆ ಕೆಟ್ಟರೆ ಇಬ್ಬರಿಗೂ ಪೆಟ್ಟು. ಕೈಯಲ್ಲಿ ಬಂಡವಾಳ ಇಲ್ಲದವರಿಗೆ ಇದೇ ದಾರಿ. ಆದರೆ ರಾತ್ರಿ ನೀರು ಕಟ್ಟಿದ್ದು, ಮನೆಮಂದಿಯೆಲ್ಲ ಕಳೆ ಕಿತ್ತಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಯೂರಿಯಾ ಚೀಲದ ಚೀಟಿ ತೋರಿಸಿದರೂ ಮಾಲೀಕರಿಗೆ ಅನುಮಾನ ಬೇರೆ.

ಚೀಲದ ಕರಾರು ಅಂದರೆ ಸುಗ್ಗಿ ಆದ ಮೇಲೆ ಮಾಲೀಕರಿಗೆ ಎಕರೆಗೆ ಇಷ್ಟು ಚೀಲ ಭತ್ತ. ಒಂದು ಚೀಲಕ್ಕೆ 75 ಕೆ.ಜಿ. ಖರ್ಚೆಲ್ಲ ನಮ್ಮದೇ. ಒಂದು ಬೆಳೆಗೆ 10 ಚೀಲ ಅಂತಿಟ್ಟುಕೊಳ್ಳಿ. 35 ಚೀಲ ಬೆಳೆದರೆ 25 ನಮಗೆ ಉಳಿಯುತ್ತದೆ. ಜಾಸ್ತಿ ದುಡಿದದ್ದು ದುಡಿದವರಿಗೇ ಸಿಗುತ್ತದೆ. 20ಕ್ಕೆ ಇಳಿದರೆ ಅರ್ಧ ಕೊಟ್ಟಂತಾಗುತ್ತದೆ, ಖರ್ಚಿನಲ್ಲಿ ಮಾತ್ರ ಮಾಲೀಕರ ಪಾಲಿಲ್ಲ. ಅದಕ್ಕೇ ಎರಡು ಮಾತು ಮೊದಲೇ ಆಗಬೇಕು. ನೀರು ಬರದ ಬೆಳೆಗೆ ಚೀಲ ಇಲ್ಲ. ಇಳುವರಿ 20ಕ್ಕಿಂತ ಕೆಳಗೆ ಹೋದರೆ ಮೂರರಲ್ಲಿ ಒಂದು ಪಾಲು ಮಾತ್ರ. ಭತ್ತದ ರೇಟು ಬಿದ್ದರೆ, ಏರಿದರೆ ಅದು ಇಬ್ಬರಿಗೂ ತಟ್ಟುತ್ತದೆ. ರೊಕ್ಕದ ಲಾವಣಿಯಲ್ಲಿ ಈ ನ್ಯಾಯ ಇಲ್ಲ.

ಮೂರರಲ್ಲೂ ಒಂದೇ ಕೊರತೆ, ಕಾಗದ. 1974ರ ಭೂಸುಧಾರಣೆ ತಿದ್ದುಪಡಿ ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಅವತ್ತಿನಿಂದ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರು ಜಮೀನು ಗೇಣಿಗೆ ಕೊಡುವಂತಿಲ್ಲ. ಹಾಗಾಗಿ ಎಲ್ಲವೂ ಬಾಯಿಮಾತು. ಪಹಣಿಯಲ್ಲಿ ಹೆಸರು ಮಾಲೀಕರದು, ಬೆಳೆ ಹಾನಿ ಪರಿಹಾರವೂ ಅವರ ಖಾತೆಗೇ. ಉತ್ತವರಿಗೆ ಪರಿಹಾರದಲ್ಲಿ ಎಷ್ಟು ಅನ್ನುವುದನ್ನು ಊರಿನ ಇಬ್ಬರು ಹಿರಿಯರ ಎದುರು ನಾಟಿಗೆ ಮೊದಲೇ ಒಪ್ಪಿಸಿಕೊಳ್ಳಿ. ಪೈರು ಮುಳುಗಿದ ಮೇಲೆ ಆ ಮಾತು ಎತ್ತಿದರೆ ಜಗಳವೇ.

ಎರಡು ಎಕರೆಯ ಬಾಡಿಗೆ ನಂಬಿ ಬದುಕುವ ವಯಸ್ಸಾದ ಮಾಲೀಕರಿದ್ದರೆ ಮಾತ್ರ ನಾನು ರೊಕ್ಕಕ್ಕೇ ಒಪ್ಪುತ್ತೇನೆ. ಅವರು ಸುಗ್ಗಿವರೆಗೆ ಕಾಯಲಾರರು, ಅಲ್ವಾ? ಅವರಿಗೆ ಅರ್ಧ ಯುಗಾದಿಗೆ, ಉಳಿದದ್ದು ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಂದ ಮೇಲೆ.