ಒಂದೇ ಮಟ್ಟು, ಮೂರು ಕೊರಳು

‘ವಾಟ್ ಎ ಡಿಫರೆನ್ಸ್ ಎ ಡೇ ಮೇಡ್’ ಎಂಬ ಇಂಗ್ಲಿಷ್ ಹಾಡು ಅಂದರೆ ಜಾಝ್ ಕೇಳುವವರಿಗೆ ಮೊದಲು ನೆನಪಾಗುವುದು ಅಮೆರಿಕದ ಗಾಯಕಿ ಡೈನಾ ವಾಷಿಂಗ್ಟನ್. ವರ್ಷಗಟ್ಟಲೆ ನನಗೂ ಅದು ಅವಳದೇ ಹಾಡಾಗಿತ್ತು. ಮೂಲದಲ್ಲಿ ಅದು ಬೊಲೆರೊ, ಅಂದರೆ ಲ್ಯಾಟಿನ್ ಅಮೆರಿಕದ ನಿಧಾನಗತಿಯ ಪ್ರೇಮಗೀತೆ, ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಮೆಕ್ಸಿಕೊದ ಮಾರಿಯಾ ಗ್ರೇವರ್ 1934ರಲ್ಲಿ ಸ್ಪ್ಯಾನಿಷಿನಲ್ಲಿ ಕಟ್ಟಿದ ‘ಕ್ವಾಂದೊ ಬ್ವೆಲ್ವಾ ಆ ತು ಲಾದೊ’ ಎಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಒಂದು ವಾರ, ರಾತ್ರಿ ಊಟವಾದ ಮೇಲೆ, ಎರಡೂ ಭಾಷೆಯ ಸಾಹಿತ್ಯ ಮುಂದಿಟ್ಟುಕೊಂಡು ಮೂರು ಧ್ವನಿಮುದ್ರಣಗಳನ್ನು ತಿರುಗಿ ತಿರುಗಿ ಕೇಳಿದೆ.

ಡೈನಾಳ 1959ರ ಹಾಡು ಎರಡೂವರೆ ನಿಮಿಷದ್ದು. ಬೆಲ್‌ಫರ್ಡ್ ಹೆಂಡ್ರಿಕ್ಸ್ ವಾದ್ಯಸಂಯೋಜನೆಯಲ್ಲಿ ಪಿಟೀಲುಗಳನ್ನು ಮೆತ್ತಗೆ ಹಾಸಿದ್ದಾನೆ. ಅದರ ಮೇಲೆ ಡೈನಾ ಒಂದೊಂದು ಪದವನ್ನೂ ಬಿಡಿಸಿ ಇಡುತ್ತಾಳೆ, ಒಂದಕ್ಷರವೂ ಮಸುಕಾಗುವುದಿಲ್ಲ. ಚರ್ಚಿನಲ್ಲಿ ಹಾಡಿ ಬೆಳೆದ ಕೊರಳು ಅದು. ಗ್ರಾಮಿ ಬಂದದ್ದು ನ್ಯಾಯವೇ.

ಎಸ್ತರ್ ಫಿಲಿಪ್ಸ್ 1975ರಲ್ಲಿ ಇದೇ ಹಾಡನ್ನು ಡಿಸ್ಕೊ ಮಾಡಿದಳು. ಡೈನಾಳನ್ನು ಆರಾಧಿಸುತ್ತಿದ್ದವಳು, ಮೂಗಿನಿಂದ ಬರುವ ಆ ದನಿ ನನಗಿಷ್ಟ. ಆದರೆ ತಾಳದ ಓಟದಲ್ಲಿ ಮಾತು ಹಿಂದೆ ಬೀಳುತ್ತದೆ. ಎರಡನೇ ರಾತ್ರಿಗೇ ಅದನ್ನು ಪಕ್ಕಕ್ಕಿಟ್ಟೆ.

ಇನ್ನು ಈಡಿ ಗೊರ್ಮೆ, ಗಿಟಾರ್ ಹಿಡಿದು ಬೊಲೆರೊ ಹಾಡುವ ಮೂವರ ತಂಡ ಟ್ರಿಯೊ ಲಾಸ್ ಪಾಂಚೋಸ್ ಜತೆ ಸ್ಪ್ಯಾನಿಷಿನಲ್ಲಿ ಹಾಡಿದ್ದು. ಈಡಿ ನ್ಯೂಯಾರ್ಕಿನವಳೇ, ಆದರೆ ಸೆಫಾರ್ದಿ, ಅಂದರೆ ಸ್ಪೇನ್ ಮೂಲದ ಯಹೂದಿ ಮನೆತನದವಳು, ಸ್ಪ್ಯಾನಿಷ್ ಅವಳಿಗೆ ಮನೆಯಲ್ಲೇ ಕಿವಿಗೆ ಬಿದ್ದ ಭಾಷೆ. ಅದು ಹಾಡಿನಲ್ಲಿ ಗೊತ್ತಾಗುತ್ತದೆ, ಕಲಿತು ಒಪ್ಪಿಸಿದ ಹಾಗಿಲ್ಲ. ಪಾಂಚೋಸ್ ಕಡೆಯಿಂದ ರೆಕಿಂತೊ ನುಡಿಯುತ್ತದೆ. ಮೂವರಲ್ಲೊಬ್ಬನಾದ ಆಲ್ಫ್ರೆಡೊ ಹಿಲ್ ರೂಪಿಸಿದ ಪುಟ್ಟ ಗಿಟಾರ್ ಅದು, ಮಾಮೂಲಿ ಗಿಟಾರಿಗಿಂತ ಮೇಲಿನ ಶ್ರುತಿಯದು. ಅವಳು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಅದು ಉತ್ತರ ಕೊಟ್ಟ ಹಾಗೆ ಕೇಳುತ್ತದೆ. ಆ ಜಾಗಗಳಿಗಾಗಿಯೇ ಎಷ್ಟೋ ಸಲ ಹಿಂದಕ್ಕೆ ಹೋಗಿ ಕೇಳಿದ್ದೇನೆ.

ನಿಜವಾದ ವ್ಯತ್ಯಾಸ ಸಾಹಿತ್ಯದಲ್ಲಿದೆ. ಸ್ಟ್ಯಾನ್ಲಿ ಆಡಮ್ಸ್ ಇಂಗ್ಲಿಷಿನಲ್ಲಿ ಬರೆದದ್ದು ಗ್ರೇವರ್ ಮಾತಿನ ಅನುವಾದವೇ ಅಲ್ಲ. ಅವನ ಹಾಡಿನಲ್ಲಿ ಎಲ್ಲ ಒಳ್ಳೆಯದಾಗಿಬಿಟ್ಟಿದೆ: ಇಪ್ಪತ್ತನಾಲ್ಕು ಗಂಟೆಯಲ್ಲಿ ಮಳೆ ನಿಂತಿದೆ, ಬಿಸಿಲು ಬಂದಿದೆ, ಹೂ ಅರಳಿದೆ. ಗ್ರೇವರ್ ಹಾಡಿನವಳು ಇನ್ನೂ ವಾಪಸು ಬಂದಿಲ್ಲ. ‘ನಾನು ನಿನ್ನ ಬಳಿ ಮರಳಿದಾಗ’ ಎಂದು ಶುರುಮಾಡಿ, ಮುತ್ತು ನಿರಾಕರಿಸಬೇಡ, ಏನೂ ಕೇಳಬೇಡ, ವಿವರಿಸಲು ನನ್ನಲ್ಲೇನೂ ಇಲ್ಲ ಅನ್ನುತ್ತಾಳೆ. ಕೊನೆಗೆ ಅವಳು ಬೇಡುವುದು ಇಷ್ಟೇ, ಅಪ್ಪಿಕೊಂಡು ನಮ್ಮ ಎದೆಬಡಿತ ಎಣಿಸು.

ಇಷ್ಟು ತಿಳಿದ ಮೇಲೆ ಆ ಮಟ್ಟು ಮೇಲಕ್ಕೇರುವುದು ನನಗೆ ಬೇಡಿಕೆಯಾಗಿಯೇ ಕೇಳತೊಡಗಿತು. ಡೈನಾಳಲ್ಲಿ ಅದೇ ಏರಿಕೆ ಸಂತೋಷದ ನಿಟ್ಟುಸಿರು. ಎರಡೂ ಹೊಂದುತ್ತವೆ, ಅದು ಗ್ರೇವರ್ ಕೈಚಳಕ. ಆದರೂ ಒಂದನ್ನೇ ಇಟ್ಟುಕೋ ಅಂದರೆ ನಾನು ಈಡಿಯ ಹಾಡನ್ನೇ ಇಟ್ಟುಕೊಳ್ಳುತ್ತೇನೆ. ಇಂಗ್ಲಿಷ್ ಹಾಡಿನವಳ ಮಳೆ ನಿಂತಾಗಿದೆ. ಇವಳು ಇನ್ನೂ ದಾರಿಯಲ್ಲಿದ್ದಾಳೆ.

ಹೊಸಬರಿಗೆ ಮಾತ್ರ ಮೊದಲು ಡೈನಾಳನ್ನೇ ಕೇಳಿಸುತ್ತೇನೆ, ಆಮೇಲೆ ಈಡಿ, ಮತ್ತೆ ಡೈನಾ. ಆ ಎರಡನೇ ಸಲ ಕೇಳುವಾಗ ‘ಮಳೆ’ ಅನ್ನುವ ಪದ ಬರುವಲ್ಲಿ ಅವರ ಮುಖ ನೋಡುತ್ತೇನೆ.