ಕುಂಬಳೆಯ ಮೂರು ಮಹಡಿಗೆ 40 ಕೆವಿಎ ಜನರೇಟರ್ ಸಾಕೋ, 62.5 ಬೇಕೋ?

ಕೆಳಗೆ ಅಂಗಡಿ, ನಡುವೆ ಕ್ಲಿನಿಕ್, ಮೇಲೆ ಆಫೀಸು. ಇಂಥ ಕಟ್ಟಡಕ್ಕೆ ಮಾರುವವರು ಕಣ್ಣುಮುಚ್ಚಿ 62.5 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಜನರೇಟರ್ ಬರೆದುಕೊಡುತ್ತಾರೆ. ಎರಡನ್ನೂ ಓಡಿಸಿ ನೋಡಿದ ಮೇಲೆ ನನ್ನ ಮತ 40ಕ್ಕೇ. ಆದರೆ ಪಂಪಿನ ಸ್ಟಾರ್ಟರ್ ಬದಲಿಸಲೇಬೇಕು.

ದೀಪ, ಫ್ಯಾನು, ಕಂಪ್ಯೂಟರ್ 6 ಕಿಲೋವ್ಯಾಟ್, ಒಂದೂವರೆ ಟನ್ನಿನ ಎಂಟು ಎಸಿಗೆ 13.5, ಲಿಫ್ಟಿಗೆ 5.5. ಒಟ್ಟು 25, ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಕಿಲೋವ್ಯಾಟ್ ಪಾಲು) 0.8 ಹಿಡಿದರೆ 31 ಕೆವಿಎ. ಇದು ಏಪ್ರಿಲ್ ಸೆಕೆಯ ಲೆಕ್ಕ. ನಮ್ಮಲ್ಲಿ ಕರೆಂಟು ಹೆಚ್ಚು ಹೋಗುವುದು ಆಟಿಯ (ಜುಲೈ–ಆಗಸ್ಟ್) ಗಾಳಿಮಳೆಗೆ, ತಂತಿಯ ಮೇಲೆ ಮರ ಬಿದ್ದಾಗ. ಆಗ ಎಸಿ ಮೂರೋ ನಾಲ್ಕೋ ಓಡುತ್ತವೆ, ಲಿಫ್ಟು ಆಗೊಮ್ಮೆ ಈಗೊಮ್ಮೆ. ಲೋಡು 11 ಕಿಲೋವ್ಯಾಟ್ ಆಸುಪಾಸು. 40ಕ್ಕೆ ಅದು ಮೂರನೇ ಒಂದು ಪಾಲು, 62.5ಕ್ಕೆ ಕಾಲು ಪಾಲೂ ಇಲ್ಲ. ಹೀಗೆ ಗಂಟೆಗಟ್ಟಲೆ ಓಡಿದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ ಡೀಸೆಲ್ ಅರ್ಧಂಬರ್ಧ ಉರಿದು, ಸೈಲೆನ್ಸರ್ ಜಾಯಿಂಟಿನಲ್ಲಿ ಕಪ್ಪು ಎಣ್ಣೆ ಜಿನುಗುತ್ತದೆ. 2023ರ ಜುಲೈಯಿಂದ ಜಾರಿಯಾದ ಸಿಪಿಸಿಬಿ 4+ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ನಿಯಮ) ಮಾದರಿಗಳಲ್ಲಿ ಹೊಗೆ ಶುದ್ಧಿಯ ಭಾಗಗಳೂ ಇರುವುದರಿಂದ ಈ ಮಸಿ ಇನ್ನಷ್ಟು ದುಬಾರಿ.

40ರ ತಕರಾರು ಒಂದೇ, ಕೊಳವೆಬಾವಿಯ 5 ಎಚ್‌ಪಿ ಪಂಪು. ಓಡುವಾಗ ಎಳೆಯುವುದು ಸುಮಾರು 7.5 ಆಂಪಿಯರ್, ಪೂರ್ತಿ ವೋಲ್ಟೇಜನ್ನು ನೇರವಾಗಿ ಕೊಡುವ ಡಿಒಎಲ್ ಸ್ಟಾರ್ಟರಿನಲ್ಲಿ ಎಬ್ಬಿಸುವಾಗ ಅದರ ಆರು ಪಟ್ಟು, ಅಂದರೆ ಕ್ಷಣಕಾಲ 32 ಕೆವಿಎ. ಎಸಿಗಳು ಓಡುತ್ತಿರುವಾಗ ಈ ಏಟು ಬಿದ್ದರೆ ವೋಲ್ಟೇಜ್ ಕುಸಿದು ಕಾಂಟ್ಯಾಕ್ಟರ್ (ಪ್ಯಾನೆಲ್ಲಿನ ವಿದ್ಯುತ್ ಸ್ವಿಚ್) ಪಟಪಟ ಬಡಿಯುತ್ತದೆ, ಕಂಪ್ಯೂಟರ್ ಆರಿ ಹೊತ್ತಿಕೊಳ್ಳುತ್ತದೆ, ಲಿಫ್ಟು ನಡುದಾರಿಯಲ್ಲಿ ನಿಲ್ಲುತ್ತದೆ. ಸ್ಟಾರ್–ಡೆಲ್ಟಾ ಸ್ಟಾರ್ಟರ್ (ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸುವಂಥದ್ದು) ಹಾಕಿದರೆ ಏಟು ಮೂರನೇ ಒಂದಕ್ಕೆ ಇಳಿಯುತ್ತದೆ, ಆದರೆ ಮೋಟಾರಿನಿಂದ ಆರು ತಂತಿ ಮೇಲೆ ಬಂದಿರಬೇಕು. ಸಣ್ಣ ಸಬ್‌ಮರ್ಸಿಬಲ್‌ಗಳಲ್ಲಿ ಬಹುತೇಕ ಮೂರೇ ಇರುತ್ತವೆ. ಕೊಳ್ಳುವ ಮೊದಲು ಪ್ಯಾನೆಲ್ ಬಿಚ್ಚಿ ಎಣಿಸಿ. ಮೂರೇ ಇದ್ದರೆ ವೋಲ್ಟೇಜನ್ನು ಮೆಲ್ಲನೆ ಏರಿಸುವ ಸಾಫ್ಟ್ ಸ್ಟಾರ್ಟರ್ ಹಾಕಿ, ರಾಂಪ್ (ಏರಿಕೆಯ ಸಮಯ) 3 ಸೆಕೆಂಡ್ ಮೀರದಿರಲಿ. ಮೀರಿದರೆ ಪಂಪಿನ ಒತ್ತಡ ಹೊರುವ ಥ್ರಸ್ಟ್ ಬೇರಿಂಗ್ ಸವೆಯುತ್ತದೆ. ಜನರೇಟರಿನಲ್ಲಿ ಪಂಪು ಓಡುವಾಗ ಮೇಲಿನ ಮಹಡಿಯ ಎಸಿ ತಾನಾಗಿ ಆರುವಂತೆ ಇಂಟರ್‌ಲಾಕ್ ಕೊಡಿ. ಕರೆಂಟು ಹೋಗಿ ಜನರೇಟರ್ ಹಿಡಿದಾಗ ಎಸಿಗಳೆಲ್ಲ ಒಟ್ಟಿಗೆ ಏಳದಂತೆ ಮಹಡಿಗೊಂದು ಟೈಮರ್: 30, 60, 90 ಸೆಕೆಂಡ್.

ಸದ್ದಿನಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಕಡಲ ಉಪ್ಪುಗಾಳಿಗೆ ಎರಡರ ಕ್ಯಾನಪಿಯೂ (ಹೊರಗಿನ ತಗಡಿನ ಪೆಟ್ಟಿಗೆ) ತುಕ್ಕು ಹಿಡಿಯುತ್ತದೆ.

ಕ್ಲಿನಿಕ್ಕಿಗೆ ಎಕ್ಸ್‌ರೇ ಬರುವುದಿದ್ದರೆ, ಫೈರ್ ಪಂಪನ್ನೂ ಇದಕ್ಕೇ ಜೋಡಿಸುವುದಿದ್ದರೆ 62.5 ತೆಗೆದುಕೊಳ್ಳಿ. ಇಲ್ಲದಿದ್ದರೆ ಬೆಲೆಯಲ್ಲಿ ಉಳಿದ ಹಣ ಸಾಫ್ಟ್ ಸ್ಟಾರ್ಟರಿಗೂ ಟೈಮರಿಗೂ ಹೋಗಲಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಂಟೂ ಎಸಿ ಹಾಕಿ ಒಂದು ಗಂಟೆ ಓಡಿಸಿದರೆ ಸೈಲೆನ್ಸರ್ ಒಣಗಿರುತ್ತದೆ.